ಘಟ್ಟವೇರಿದ ಸೈಕಲ್ ಪಂಕ್ತಿ

ಯಾತ್ರೆಯೆಂಬುದು ನಮ್ಮ ಸಮಾಜಕ್ಕೆ ಹೊಸತಲ್ಲ. ಕಲ್ಯಾಣದ ವಿಪ್ಲವದ ತರುವಾಯ ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಶರಣಸಮೂಹವು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡನ್ನು ಸೇರಿತೆಂದು ನಮ್ಮ ಪರಂಪರೆ ಹೇಳುತ್ತದೆ. ಇಂದಿಗೂ ಭಾರತ ಹುಣ್ಣಿಮೆ ಬಂತೆಂದರೆ ಧಾರವಾಡ, ಬೆಳಗಾವಿ ಸೀಮೆಯ ಭಕ್ತರು ಚಕ್ಕಡಿ ಹೂಡಿಕೊಂಡು ಉಳವಿಯ ದಾರಿ ಹಿಡಿಯುತ್ತಾರೆ. ಶಿವರಾತ್ರಿಯ ಕಾಲಕ್ಕೆ ಬಯಲುಸೀಮೆ, ಮಲೆನಾಡುಗಳಿಂದ ಸಹಸ್ರಾರು ಜನ ಚಾರ್ಮಾಡಿ, ಶಿರಾಡಿ ಘಟ್ಟಗಳನ್ನು ಕಾಲ್ನಡಿಗೆಯಲ್ಲಿ ಇಳಿದು ಧರ್ಮಸ್ಥಳವನ್ನು ತಲುಪುತ್ತಾರೆ. ಅವರಲ್ಲಿ ನಮ್ಮ ಮನೆತನಗಳವರೂ ಅನೇಕರು.

ಈಚಿನ ವರ್ಷಗಳಲ್ಲಿ ಇದೇ ಘಟ್ಟದ ದಾರಿಗಳ ಮೇಲೆ ಇನ್ನೊಂದು ಬಗೆಯ ಯಾತ್ರಿಕರು ಕಾಣಿಸಿಕೊಳ್ಳುತ್ತಿದ್ದಾರೆ. ತಲೆಗೆ ಶಿರಸ್ತ್ರಾಣ ಧರಿಸಿ, ಬಾಗಿದ ಹಿಡಿಕೆಯ ಸೈಕಲ್ಲುಗಳನ್ನೇರಿ ಹತ್ತು ಹನ್ನೆರಡು ಮಂದಿ ಒಟ್ಟಾಗಿ ಘಟ್ಟ ಹತ್ತುವ ತರುಣ ತರುಣಿಯರಿವರು. ಇವರನ್ನು ಕಂಡಾಗ ಹಿರಿಯರ ಬಾಯಿಂದ ಹೊರಡುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಮನೆಯಲ್ಲಿ ಕಾರಿರುವಾಗ, ಬಸ್ಸಿರುವಾಗ, ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಈ ಹಟವೇಕೆ? ಪ್ರಶ್ನೆ ನ್ಯಾಯವಾದುದೇ. ಆದರೆ ಅದನ್ನು ಕೇಳಿದವರಲ್ಲಿ ಹೆಚ್ಚಿನವರು ಉತ್ತರಕ್ಕಾಗಿ ನಿಲ್ಲುವುದಿಲ್ಲ.

ಸೈಕಲ್ಲು ನಮ್ಮ ಮನೆಗಳಿಗೆ ಪರಕೀಯ ವಸ್ತುವೇನೂ ಅಲ್ಲ. ಹಾಲಿನ ಕ್ಯಾನು, ಅಂಚೆಯ ಚೀಲ, ಹೊಲದ ಬುತ್ತಿ ಎಲ್ಲವನ್ನೂ ಅದು ಹೊತ್ತಿದೆ. 2006-07ರಲ್ಲಿ ರಾಜ್ಯ ಸರ್ಕಾರವು 8ನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿದಾಗ ಹಳ್ಳಿಗಳ ಹೆಣ್ಣುಮಕ್ಕಳು ಸಾಲುಸಾಲಾಗಿ ಪ್ರೌಢಶಾಲೆಗೆ ಹೋಗುವುದನ್ನು ನಾವೆಲ್ಲ ಕಂಡೆವು. 2020ರ ತರುವಾಯ ಆ ವಿತರಣೆ ನಿಂತಿತು. ಅದು ನಡೆಯುತ್ತಿದ್ದ ಕಾಲದಲ್ಲೂ ಹತ್ತನೆಯ ತರಗತಿ ಮುಗಿದ ಕೂಡಲೇ ಹುಡುಗಿಯ ಸೈಕಲ್ಲು ಅಟ್ಟ ಸೇರುತ್ತಿತ್ತು, ಹುಡುಗನ ಕೈಗೆ ಮೋಟಾರು ಬೈಕು ಬರುತ್ತಿತ್ತು. ಯಾವುದು ಹೆಚ್ಚು ಅಪಾಯಕರವೆಂದು ಯಾವ ಮನೆಯಲ್ಲೂ ಲೆಕ್ಕ ಹಾಕಿದಂತೆ ಕಾಣೆ.

ಬೆಳ್ತಂಗಡಿ ತಾಲೂಕಿನ ಕೊಕ್ಕಡವು ಘಟ್ಟದ ಬುಡದ ಊರು. ಅಡಿಕೆ, ತೆಂಗು, ರಬ್ಬರು, ಗೇರುಗಳ ನಾಡು. ವೈದ್ಯನಾಥೇಶ್ವರನ ಸನ್ನಿಧಿ, ಕೆಸರು ಗದ್ದೆಗಿಳಿದು ಹರಕೆ ತೀರಿಸುವ ಕೋರಿ ಜಾತ್ರೆ ಇಲ್ಲಿಯ ಪ್ರಸಿದ್ಧಿ. ಸನಿಹದ ಸೌತಡ್ಕದಲ್ಲಿ ಮಹಾಗಣಪತಿಯು ಗರ್ಭಗುಡಿ, ಗೋಪುರಗಳೊಂದೂ ಇಲ್ಲದೆ ತೆರೆದ ಬಯಲಿನಲ್ಲಿ ಆಕಾಶದ ಕೆಳಗೆ ಕುಳಿತಿದ್ದಾನೆ. ಸುತ್ತಲೂ ಭಕ್ತರು ಹರಕೆಯಾಗಿ ಕಟ್ಟಿದ ಗಂಟೆಗಳು. ಪೂರ್ವಕ್ಕೆ ಶಿಶಿಲ, ಅಲ್ಲಿ ಕಪಿಲಾ ನದಿಯಲ್ಲಿ ದೇವರ ಮೀನುಗಳು. ಅದರಾಚೆಗೆ ತಲೆಯೆತ್ತಿ ನೋಡಿದರೆ ಎತ್ತಿನಭುಜ, ಅಮೇದಿಕಲ್ಲು ಮೊದಲಾದ ಶಿಖರಗಳು ಗೋಡೆಯಂತೆ ನಿಂತಿವೆ. ಇದೇ ಊರಿನ ಸುತ್ತಣ ಗೇರುತೋಪುಗಳ ಮೇಲೆ ವರ್ಷಗಟ್ಟಲೆ ಸಿಂಪಡಿಸಲಾದ ಎಂಡೋಸಲ್ಫಾನ್ ಎಂಬ ವಿಷದಿಂದ ನಡೆಯಲಾರದ, ಕೂಡಲಾರದ ಮಕ್ಕಳು ಎಷ್ಟೋ ಮನೆಗಳಲ್ಲಿದ್ದಾರೆ. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಅದನ್ನು ನಿಷೇಧಿಸಿತು. ಆಗಬಾರದ್ದು ಅದಾಗಲೇ ಆಗಿಹೋಗಿತ್ತು. ಈ ಊರಿನಲ್ಲಿ ಗಟ್ಟಿಮುಟ್ಟಾದ ಎರಡು ಕಾಲುಗಳನ್ನು ಯಾರೂ ಹಗುರಾಗಿ ಎಣಿಸುವುದಿಲ್ಲ.

ಆ ಶಿಖರಗಳ ನೆತ್ತಿಯಲ್ಲಿ ಮರಗಳಿಲ್ಲ. ಗಾಳಿ ಹೊಡೆಯುವ ಬೆನ್ನಿನ ಮೇಲೆಲ್ಲ ಹುಲ್ಲು, ಕಣಿವೆಗಳ ಮಡಿಲಲ್ಲಿ ಮಾತ್ರ ಗಿಡ್ಡನೆಯ ದಟ್ಟ ಶೋಲಾ ಕಾಡು. ಯಾರೋ ಕಡಿದು ಬೋಳು ಮಾಡಿದ್ದಾರೆಂದು ಮೊದಲ ನೋಟಕ್ಕೆ ಭಾವಿಸುವವರುಂಟು. ಕುದುರೆಮುಖದಿಂದ ಹಿಡಿದು ತೆಂಕಲ ನೀಲಗಿರಿಯವರೆಗೆ ಎತ್ತರದ ಘಟ್ಟದ ಸಹಜ ರೂಪವೇ ಅದು. ಸ್ಪಂಜಿನಂತೆ ಮಳೆಯನ್ನು ಹೀರಿಟ್ಟುಕೊಳ್ಳುವ ಈ ಹುಲ್ಲು ಬೇಸಗೆಯುದ್ದಕ್ಕೂ ತೊರೆಗಳಿಗೆ ನೀರುಣಿಸುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಇಂತಹ ಗಂಗಾಮೂಲದ ಬೆಟ್ಟಗಳ ಮಕ್ಕಳು. ಚಾರ್ಮಾಡಿ ಘಟ್ಟದ ತುದಿಯ ಕೊಟ್ಟಿಗೆಹಾರಕ್ಕೆ ಹತ್ತಿರದ ಜಾವಳಿಯಲ್ಲಿ ಹೇಮಾವತಿ ಹುಟ್ಟುತ್ತಾಳೆ. ಘಟ್ಟದ ಏಣಿನ ಪಡುವಣಕ್ಕೆ ಬಿದ್ದ ಹನಿ ಮಂಗಳೂರಿನ ಕಡಲಿಗೆ, ಮೂಡಣಕ್ಕೆ ಬಿದ್ದ ಹನಿ ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ. ಮನುಷ್ಯನು ತನ್ನ ಕಾಲಬಲದಿಂದಲೇ ಅಲ್ಲಿಗೆ ಹತ್ತಿ ನಿಂತಾಗ ಈ ಭೂಗೋಳವು ಪುಸ್ತಕದಲ್ಲಿ ಓದಿದ್ದಕ್ಕಿಂತ ಬೇರೆ ರೀತಿಯಲ್ಲಿ ಅರ್ಥವಾಗುತ್ತದೆ.

2023ರ ಡಿಸೆಂಬರಿನಲ್ಲಿ ಪ್ರವಚನದ ನಿಮಿತ್ತ ನಾನು ಕೊಕ್ಕಡದ ಬಳಿಯ ಸಮಾಜ ಬಾಂಧವರೊಬ್ಬರ ತೋಟದ ಮನೆಯಲ್ಲಿ ಉಳಿದಿದ್ದೆ. ಅವರ ಬಂಧುಬಳಗದ ಹಾಗೂ ಸ್ನೇಹಿತರ ಹನ್ನೊಂದು ಮಂದಿ ಚಿಕ್ಕಮಗಳೂರು, ದಾವಣಗೆರೆ, ವಿಜಯಪುರಗಳಿಂದ ಕೊಟ್ಟಿಗೆಹಾರದಲ್ಲಿ ಸೇರಿ, ಸೈಕಲ್ಲಿನಲ್ಲಿ ಘಟ್ಟವಿಳಿದು ಬಂದಿದ್ದರು. ಮರುದಿನ ಅದೇ ದಾರಿಯಲ್ಲಿ ಹತ್ತಿ ಹೋಗುವ ಸಂಕಲ್ಪ. ಊಟ, ನೀರು, ಔಷಧಗಳನ್ನು ಹೊತ್ತ ಜೀಪೊಂದು ಹಿಂದಿನಿಂದ ಹೋಗುವುದೆಂದಾಗ ಅದರಲ್ಲಿ ನನಗೂ ಒಂದು ಆಸನ ದೊರೆಯಿತು.

ಇಳಿದದ್ದರ ಬಗೆಗೆ ಮೊದಲು ಹೇಳಬೇಕು. ಏರುವುದು ಕಷ್ಟ, ಇಳಿಯುವುದು ಸುಲಭವೆಂದು ನಾವು ತಿಳಿಯುತ್ತೇವೆ. ಸುಲಭ ನಿಜ, ಅಪಾಯವಿರುವುದೂ ಅಲ್ಲಿಯೇ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಗಾಲಿಯ ಅಂಚು ಕಾದು ಟ್ಯೂಬು ಸಿಡಿಯಬಹುದು. ಆದ್ದರಿಂದ ಎರಡೂ ಬ್ರೇಕುಗಳನ್ನು ಒತ್ತಿ ಒತ್ತಿ ಬಿಡಬೇಕು. ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಬೇಕು, ತಿರುವಿನೊಳಗೆ ಬ್ರೇಕು ಹಾಕಿದರೆ ಗಾಲಿ ಜಾರುತ್ತದೆ. ಒದ್ದೆ ಎಲೆ, ರಸ್ತೆಗೆ ಬಳಿದ ಬಿಳಿಯ ಪಟ್ಟೆ ಎರಡೂ ನಂಬಲರ್ಹವಲ್ಲ. ಒಬ್ಬರಿಗೂ ಮತ್ತೊಬ್ಬರಿಗೂ ನಡುವೆ ಇಪ್ಪತ್ತು ಮೂವತ್ತು ಮೀಟರ್ ಅಂತರವಿರಬೇಕು. ಇವೆಲ್ಲವನ್ನೂ ಆ ಗುಂಪಿನ ಮುಂದಾಳು ಹೊರಡುವ ಮುನ್ನ ಎಲ್ಲರಿಂದಲೂ ಬಾಯಿಪಾಠ ಹೇಳಿಸಿದ್ದನಂತೆ. ಮಳೆಗಾಲದಲ್ಲಿ ಈ ದಾರಿಗೆ ಬರಲೇಬಾರದೆಂಬುದು ಅವನ ಖಚಿತ ಮಾತು. 2019ರ ಆಗಸ್ಟ್ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡಗಳು ಕುಸಿದು ತಿಂಗಳುಗಟ್ಟಲೆ ಸಂಚಾರ ಅಸ್ತವ್ಯಸ್ತವಾದುದನ್ನು ನೆನೆದರೆ ಆ ಮಾತಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಸ್ನಾನ, ಇಷ್ಟಲಿಂಗ ಪೂಜೆಗಳನ್ನು ಮುಗಿಸಿ ಆರೂವರೆಗೆ ಎಲ್ಲರೂ ಸಿದ್ಧರಾದರು. ಚಿಕ್ಕದಾದರೂ ನಮ್ಮ ಮನೆಗಳವರಿಗೆ ಉಪಯುಕ್ತವಾದ ಸಂಗತಿಯೊಂದನ್ನು ಇಲ್ಲಿ ಬರೆಯುತ್ತೇನೆ. ಮುಂದಕ್ಕೆ ಬಾಗಿ ತುಳಿಯುವಾಗ ಕೊರಳಿನ ಕರಡಿಗೆ ಜೋಲಾಡಿ ಮೊಣಕಾಲಿಗೆ, ಹಿಡಿಕೆಗೆ ತಾಗುತ್ತದೆ. ಇವರು ಶಿವದಾರವನ್ನು ಗಿಡ್ಡ ಮಾಡಿ, ಕರಡಿಗೆಯನ್ನು ಮೆತ್ತನೆಯ ವಸ್ತ್ರದಲ್ಲಿ ಸುತ್ತಿ ಎದೆಗೆ ಅಡ್ಡಲಾಗಿ ಬಿಗಿದುಕೊಂಡಿದ್ದರು. ಲಿಂಗವನ್ನು ತೆಗೆದು ಚೀಲದಲ್ಲಿರಿಸಿದವರು ಒಬ್ಬರೂ ಇರಲಿಲ್ಲ.

ಕೊಕ್ಕಡದಿಂದ ಧರ್ಮಸ್ಥಳ, ಉಜಿರೆ, ಮುಂಡಾಜೆ, ಕಕ್ಕಿಂಜೆಗಳ ಮಾರ್ಗವಾಗಿ ಚಾರ್ಮಾಡಿ. ಅಲ್ಲಿಂದ ಘಟ್ಟವೇರಿ ಕೊಟ್ಟಿಗೆಹಾರ. ಒಟ್ಟು ಸುಮಾರು 60 ಕಿಲೋಮೀಟರ್. ಕೊನೆಯ ಇಪ್ಪತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಸುಮಾರು 800 ಮೀಟರ್ ಏರು. ಸೌತಡ್ಕದಲ್ಲಿ ದೊರೆತ ಅವಲಕ್ಕಿ ಪಂಚಕಜ್ಜಾಯವನ್ನು ಅವರು ಪೊಟ್ಟಣ ಕಟ್ಟಿ ಜೇಬಿಗಿಳಿಸಿದ್ದನ್ನು ಕಂಡು ನಾನು ನಕ್ಕೆ. ಅವಲಕ್ಕಿ, ಬೆಲ್ಲ, ತೆಂಗಿನಕಾಯಿ: ಬೇಗ ಕರಗುವ ಪಿಷ್ಟ, ಸಕ್ಕರೆ, ನಿಧಾನ ಉರಿಯುವ ಜಿಡ್ಡು. ಪೇಟೆಯ ದುಬಾರಿ ಶಕ್ತಿವರ್ಧಕ ತಿನಿಸುಗಳಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರಲಾರದು.

ಗುಂಪಿನಲ್ಲಿ ಎಲ್ಲರಿಗಿಂತ ಬಲಶಾಲಿ ವಿಜಯಪುರದ ಯುವಕ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಪಟುಗಳಿಗೆ ಹೆಸರಾದವೆಂಬುದು ವಾಚಕರಿಗೆ ತಿಳಿದದ್ದೇ. ಎದುರುಗಾಳಿಯಲ್ಲಿ ದಿನಕ್ಕೆ ನೂರೈವತ್ತು ಕಿಲೋಮೀಟರ್ ತುಳಿದವನು. ಚಾರ್ಮಾಡಿಯವರೆಗೂ ಗುಂಪಿನ ಮುಂದೆ ಅವನೇ. ಉಳಿದವರು ಅವನ ಬೆನ್ನ ಮರೆಯಲ್ಲಿ. ಸಮತಟ್ಟಿನ ಮೇಲೆ ಹೀಗೆ ಮುಂದಿನವನ ಹಿಂದೆ ಒತ್ತಾಗಿ ಸಾಗಿದರೆ ಗಾಳಿಯ ತಡೆ ತಗ್ಗಿ, ಹಿಂದಿನವನ ಶ್ರಮದಲ್ಲಿ ಕಾಲು ಭಾಗಕ್ಕೂ ಹೆಚ್ಚು ಉಳಿತಾಯವಾಗುವುದುಂಟು. ಮುಂಡಾಜೆಯ ಬಳಿ ಎರಡು ಪಂಕ್ಚರ್, ಮುರಿದ ಗಾಲಿಕಡ್ಡಿಗಳಿಂದಾಗಿ ಒಂದೂವರೆ ಗಂಟೆ ಕಳೆಯಿತು. ಘಟ್ಟದ ಬುಡ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ.

ಏರು ಆರಂಭವಾದ ಮೂರು ನಾಲ್ಕು ಕಿಲೋಮೀಟರಿನೊಳಗೆ ಆ ಬಲಶಾಲಿ ಎಲ್ಲರಿಗಿಂತ ಹಿಂದುಳಿದ.

ಇದರ ಕಾರಣ ತಿಳಿಯಬೇಕಾದುದು. ಬಯಲಿನಲ್ಲಿ ಸವಾರನ ಶತ್ರು ಗಾಳಿ, ಘಟ್ಟದಲ್ಲಿ ಅವನ ಶತ್ರು ತೂಕ. ಈ ಯುವಕನೂ ಅವನ ಸೈಕಲ್ಲೂ ಸಾಮಾನೂ ಸೇರಿ 98 ಕಿಲೋ. ಗುಂಪಿನ ಕೊನೆಯಲ್ಲಿ ಬರುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿನಿ ತನ್ನ ಸೈಕಲ್ಲು ಸಮೇತ 60 ಕಿಲೋ. ನಮ್ಮ ದೇಹವು ಉಂಡ ಅನ್ನದ ಶಕ್ತಿಯಲ್ಲಿ ಕಾಲು ಭಾಗದಷ್ಟನ್ನೇ ತುಳಿತಕ್ಕೆ ಕೊಡಬಲ್ಲದು, ಮಿಕ್ಕದ್ದು ಬೆವರು, ಬಿಸಿಯಾಗಿ ಹೋಗುತ್ತದೆ. ಆ ಲೆಕ್ಕದಂತೆ 800 ಮೀಟರ್ ಮೇಲಕ್ಕೆ ಎತ್ತುವುದಕ್ಕಾಗಿಯೇ ಹುಡುಗಿಗೆ ಸುಮಾರು 450 ಕ್ಯಾಲೊರಿ ಸಾಕು, ಇವನಿಗೆ 730ಕ್ಕೂ ಮಿಕ್ಕು ಬೇಕು. ಅದರ ಮೇಲೆ ಅವನದು ಬಯಲಿನ ಓಟಕ್ಕೆ ಮಾಡಿದ ಸೈಕಲ್ಲು. ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 39 ಹಲ್ಲು, ಹಿಂದಿನ ದೊಡ್ಡದಕ್ಕೆ 25. ಪೆಡಲನ್ನು ಒಂದು ಸುತ್ತು ತುಳಿದರೆ ಮೂರು ಮೀಟರಿಗೂ ಹೆಚ್ಚು ದೂರ ಮುಂದೆ ಹೋಗಲೇಬೇಕು. ಮುಂದೆ 34, ಹಿಂದೆ 34 ಹಲ್ಲಿದ್ದ ಇತರರ ಸೈಕಲ್ಲುಗಳು ಎರಡು ಮೀಟರ್ ಸರಿದರೆ ಸಾಕಿತ್ತು. ಅವನು ಪ್ರತಿ ತುಳಿತಕ್ಕೂ ಎದ್ದು ನಿಂತು ಮೈಭಾರ ಹಾಕಬೇಕಾಯಿತು. ಐದನೆಯ ತಿರುವಿನ ಹೊತ್ತಿಗೆ ಅವನ ಮೀನಖಂಡಗಳು ಕಲ್ಲಾಗಿದ್ದವು.

ಮತ್ತೊಂದು ಸಂಗತಿ. ಗಂಟೆಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ ಗಾಳಿಯ ತಡೆ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಬಯಲಿನಲ್ಲಿ ಅವನು ಹತ್ತು ಮಂದಿಗೆ ಮಾಡಿದ ಉಪಕಾರವನ್ನು ಘಟ್ಟದಲ್ಲಿ ಅವರಲ್ಲಿ ಒಬ್ಬರೂ ಅವನಿಗೆ ಮರಳಿಸಲಾರರು. ಏರಿನಲ್ಲಿ ಬೆನ್ನ ಮರೆ ಎಂಬುದಿಲ್ಲ. ಗುಂಪು ಅವನಿಗಾಗಿ ಮಾಡಬಹುದಾದದ್ದು ಒಂದೇ, ಕಾಯುವುದು.

ಅದು ಎಷ್ಟು ಕಠಿಣವೆಂಬುದನ್ನು ನಾನು ಅಂದು ಕಂಡೆ. ನಾಲ್ವರು ಚುರುಕಾದವರು ತಿರುವುಗಳನ್ನೆಲ್ಲ ಹತ್ತಿ, ಮೇಲೆ ಅಣ್ಣಪ್ಪ ಸ್ವಾಮಿಯ ಗುಡಿಯ ಬಳಿ ಹೋಗಿ ನಿಂತಿದ್ದರು. ಬೆವರಿದ ಮೈಗೆ ಘಟ್ಟದ ಗಾಳಿ ತಾಗಿ ಚಳಿ ಹಿಡಿದಿತ್ತು. ಕೆಳಗಿನಿಂದ ಉಳಿದವರು ತಲುಪಿದಾಗ ಅವರು ನಲವತ್ತು ನಿಮಿಷ ಕಾದಿದ್ದರು. ವಿಜಯಪುರದವನು ಇನ್ನೂ ಎರಡು ಕಿಲೋಮೀಟರ್ ಕೆಳಗೆ. ಅವನ ಹಿಂದೆ ಆ ವಿದ್ಯಾರ್ಥಿನಿ. ಗುಂಪಿನ ಕಟ್ಟಳೆಯಂತೆ ಕೊನೆಯ ಸವಾರಳಾಗಿ ನಿಯುಕ್ತಳಾದವಳು ಅವಳು. ಅವಳ ಹಿಂದೆ ಯಾರೂ ಉಳಿಯಕೂಡದು. ಅವನು ಹೋಗು ಹೋಗೆಂದು ಎಷ್ಟು ಕೈಬೀಸಿದರೂ ಅವಳು ಹೋಗಲಿಲ್ಲ.

ಜೀಪು ನಡೆಸುತ್ತಿದ್ದವರು ಅವಳ ಸೋದರಮಾವ. ಸಂಜೆ ನಾಲ್ಕಾಗುತ್ತ ಬಂದಿತ್ತು. ಕಣಿವೆಯಿಂದ ಮಂಜು ಏಳತೊಡಗಿತ್ತು. ಲಾರಿಗಳು ಸದ್ದು ಮಾಡುತ್ತ ಇಳಿಯುತ್ತಿದ್ದವು. ಅವರು ಜೀಪು ನಿಲ್ಲಿಸಿ, ಇಬ್ಬರೂ ಸೈಕಲ್ಲುಗಳನ್ನು ಹಿಂದೆ ಹಾಕಿ ಹತ್ತಿರೆಂದು ಗದರಿದರು. ಅವರ ಭಯ ಹುಸಿಯೆನ್ನಲಾಗದು. ತಂಗಿಗೆ ಮಾತು ಕೊಟ್ಟು ಹುಡುಗಿಯನ್ನು ಕರೆತಂದಿದ್ದರು. ಹುಡುಗಿ ಎದುರಾಡಲಿಲ್ಲ. 'ಅವರು ಹತ್ತಿದರೆ ನಾನೂ ಹತ್ತುತ್ತೇನೆ, ಮಾವ. ಅವರು ತುಳಿಯುವವರೆಗೆ ನಾನು ಹಿಂದಿರಲೇಬೇಕು' ಎಂದಷ್ಟೇ ಹೇಳಿ ಜೀಪಿನಿಂದ ಉಪ್ಪು ಬೆರೆಸಿದ ನೀರಿನ ಬಾಟಲಿಯನ್ನು ತೆಗೆದು ಅವನಿಗೆ ಕೊಟ್ಟಳು. ಮಾವನವರು ನನ್ನ ಮುಖ ನೋಡಿದರು. ಈ ಹುಡುಗಿಯ ಮೇಲೆ ಹೊರಿಸಿದ ಕಾಯಕವನ್ನು ಅವಳೇ ಬಿಡುವಂತೆ ಮಾಡುವುದು ಸರಿಯಲ್ಲ, ನಮ್ಮ ಜೀಪಿನ ದೀಪ ಹಚ್ಚಿಕೊಂಡು ಅವರ ಹಿಂದೆಯೇ ಹೋಗೋಣವೆಂದು ನಾನೆಂದೆ. ಅವರು ಒಪ್ಪಿದ್ದು ಮನಸ್ಸಿಲ್ಲದೆಯೇ.

ಗುಡಿಯ ಬಳಿ ಜಗಳ ನಡೆದಿತ್ತು. ಮುಂದೆ ಹೋದವರಲ್ಲಿ ಇಬ್ಬರ ವಾದ, ಕತ್ತಲಾಗುವ ಮೊದಲು ತಾವಾದರೂ ಮೇಲೆ ಸೇರುವುದೇ ವಿವೇಕ. ಹತ್ತು ಮಂದಿ ಒಬ್ಬನಿಗಾಗಿ ಮಂಜಿನಲ್ಲಿ ಸಿಕ್ಕಿಕೊಳ್ಳುವುದು ಮೂರ್ಖತನ. ತರ್ಕದಲ್ಲಿ ದೋಷ ಹುಡುಕುವುದು ಕಷ್ಟ. ಮುಂದಾಳು ವಾದ ಮಾಡಲಿಲ್ಲ, ಸಾಲಿನ ಕ್ರಮವನ್ನೇ ತಿರುವಿಹಾಕಿದ. ಎಲ್ಲರಿಗಿಂತ ನಿಧಾನವಾದವನು ಎಲ್ಲರಿಗಿಂತ ಮುಂದೆ, ಚುರುಕಾದ ನಾಲ್ವರು ಕಟ್ಟಕಡೆಗೆ, ಅವರ ಹಿಂದೆ ಎಂದಿನಂತೆ ಆ ಹುಡುಗಿ. ಯಾರೂ ಮುಂದಿನವನನ್ನು ದಾಟಕೂಡದು.

ಮಠದ ಪ್ರಸಾದ ನಿಲಯದಲ್ಲಿ ಬೆಳೆದವರಿಗೆಲ್ಲ ಪಂಕ್ತಿಯ ನಿಯಮ ಗೊತ್ತು. ಬೇಗ ಉಂಡವನು ಎಲೆಯ ಮುಂದೆ ಸುಮ್ಮನೆ ಕುಳಿತಿರಬೇಕು. ಕೊನೆಯವನ ಪ್ರಸಾದ ಮುಗಿಯುವವರೆಗೆ ಪಂಕ್ತಿ ಏಳುವಂತಿಲ್ಲ. ಎಳೆಯ ವಯಸ್ಸಿನಲ್ಲಿ ಅದೆಷ್ಟು ಹಿಂಸೆಯೆನಿಸುತ್ತಿತ್ತೆಂದರೆ, ನಿಧಾನವಾಗಿ ಉಣ್ಣುವ ಸಹಪಾಠಿಯನ್ನು ನಾವು ಕಣ್ಣಿನಲ್ಲೇ ಸುಡುತ್ತಿದ್ದೆವು. ಆ ಇಬ್ಬರು ತರುಣರ ಕಣ್ಣುಗಳಲ್ಲಿಯೂ ಅಂದು ನಾನು ಕಂಡದ್ದು ಅದನ್ನೇ. ಆದರೂ ಅವರು ಸಾಲಿನಲ್ಲಿ ನಿಂತರು.

ಸೈಕಲ್ ಲೋಕದಲ್ಲಿ ಎರಡು ಬಗೆಯ ಪದ್ಧತಿಗಳಿವೆಯೆಂದು ಆಮೇಲೆ ಅವರಿಂದಲೇ ತಿಳಿದೆ. ಬೆಂಗಳೂರಿನವರು 2008ರಲ್ಲಿ ಆರಂಭಿಸಿದ 'ಟೂರ್ ಆಫ್ ನೀಲಗಿರೀಸ್' ಎಂಬ ಡಿಸೆಂಬರಿನ ದೀರ್ಘ ಸವಾರಿಯಲ್ಲಿ ಕೆಲವು ಏರುಗಳನ್ನು ಗಡಿಯಾರ ಹಿಡಿದು ಹತ್ತುತ್ತಾರೆ. ಮಸಿನಗುಡಿಯಿಂದ ಉದಕಮಂಡಲಕ್ಕೆ ಹೋಗುವ ಕಲ್ಹಟ್ಟಿಯ 36 ತಿರುವುಗಳ ಮುಂದೆ ನಮ್ಮ ಚಾರ್ಮಾಡಿಯದು ಸೌಮ್ಯವಾದ ಏರೇ ಸರಿ. (ಆ ನೀಲಗಿರಿಯ ಬಡಗರಲ್ಲಿ ಒಡೆಯರೆಂಬ ಪಂಗಡದವರು ಲಿಂಗಧಾರಿಗಳೆಂಬುದನ್ನು ನಮ್ಮವರಲ್ಲಿ ಹಲವರು ಅರಿಯರು, ಅದರ ವಿಚಾರ ಬೇರೊಂದು ಲೇಖನಕ್ಕೆ ತಕ್ಕುದು.) ಇನ್ನೊಂದು ಫ್ರಾನ್ಸಿನಿಂದ ಬಂದ 'ಬ್ರೆವೆ' ಪದ್ಧತಿ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ ಎಂಬ ಅವಧಿಯುಂಟು, ಆದರೆ ಮೊದಲಿಗ, ಎರಡನೆಯವನೆಂಬ ಎಣಿಕೆಯಿಲ್ಲ. ಅವಧಿಯೊಳಗೆ ಬಂದವರೆಲ್ಲ ಸಮಾನರು. ಮೊದಲನೆಯದನ್ನು ನಾನು ಅಲ್ಲಗಳೆಯೆ, ಸ್ಪರ್ಧೆಗೆ ತನ್ನ ಸ್ಥಾನವಿದೆ. ಆದರೆ ಕುಟುಂಬಗಳವರು ಮಕ್ಕಳನ್ನು ಗುಂಪಿನೊಡನೆ ಕಳುಹಿಸುವಾಗ ವಿಚಾರಿಸಬೇಕಾದದ್ದು ಆ ಗುಂಪು ಎಷ್ಟು ವೇಗವಾಗಿ ಹೋಗುತ್ತದೆಂಬುದನ್ನಲ್ಲ. ಕೊನೆಯಲ್ಲಿ ಬರುವವರು ಯಾರು, ಅವರ ಹಿಂದೆ ಯಾರಾದರೂ ಉಳಿದರೆ ಏನು ಮಾಡುತ್ತೀರಿ ಎಂದು ಕೇಳಿರಿ. ಸ್ಪಷ್ಟ ಉತ್ತರ ಬಾರದಿದ್ದರೆ ಕಳುಹಿಸಬೇಡಿರಿ. ಬಂದರೆ, ಹೆಣ್ಣುಮಗಳೆಂಬ ಒಂದೇ ಕಾರಣಕ್ಕೆ ತಡೆಯಬೇಡಿರಿ.

ಮಲಯಮಾರುತದ ಅತಿಥಿಗೃಹ ದಾಟುವಷ್ಟರಲ್ಲಿ ಮಂಜು ಎಷ್ಟು ದಟ್ಟವಾಯಿತೆಂದರೆ ಜೀಪಿನ ಬೆಳಕು ಗೋಡೆಗೆ ಬಡಿದಂತೆ ಮರಳಿ ಬರುತ್ತಿತ್ತು. ಎಡಬಲಗಳ ಹುಲ್ಲುಗಾವಲು ಕಾಣದಾಯಿತು, ಗಾಳಿಯ ಸದ್ದೊಂದೇ ಉಳಿಯಿತು. ಮುಂದಾಳು ಎಲ್ಲರನ್ನೂ ಇಳಿಸಿದ. ಸುಮಾರು ಎರಡು ಕಿಲೋಮೀಟರ್ ದೂರ ಹನ್ನೊಂದು ಮಂದಿಯೂ ಕೆಂಪು ದೀಪಗಳನ್ನು ಮಿನುಗಿಸುತ್ತ, ಸೈಕಲ್ಲುಗಳನ್ನು ದೂಡಿಕೊಂಡು ರಸ್ತೆಯ ಅಂಚಿನಲ್ಲಿ ಒಂದೇ ಸಾಲಾಗಿ ನಡೆದರು. ಮಾವನವರು ಜೀಪನ್ನು ಮೊದಲ ಗೇರಿನಲ್ಲಿಟ್ಟು, ಹಾರನ್ ಹೊಡೆಯುತ್ತ, ಒಂದು ಮಾತೂ ಆಡದೆ ಹಿಂಬಾಲಿಸಿದರು. ಕೊಟ್ಟಿಗೆಹಾರದ ದೀಪಗಳು ಕಂಡಾಗ ಆರೂಮುಕ್ಕಾಲು. ಅಲ್ಲಿಯ ಹೋಟೆಲಿನಲ್ಲಿ ಬಿಸಿ ನೀರುದೋಸೆ ತಿನ್ನುವಾಗಲೂ ಆ ಇಬ್ಬರು ತರುಣರು ಬೇರೆ ಮೇಜಿಗೆ ಹೋಗಿ ಕುಳಿತಿದ್ದರು. ವಿಜಯಪುರದವನೇ ತನ್ನ ತಟ್ಟೆ ಹಿಡಿದು ಅವರ ಬಳಿಗೆ ಹೋದ. ಅವರು ಏನು ಮಾತನಾಡಿಕೊಂಡರೋ ನನಗೆ ಕೇಳಿಸಲಿಲ್ಲ.

ಎರಡು ತಿಂಗಳ ನಂತರ ಅವನಿಂದ ಪತ್ರ ಬಂತು. ಹಿಂದಿನ ಗಾಲಿಗೆ 34 ಹಲ್ಲಿನ ಚಕ್ರವನ್ನೂ, ಅದಕ್ಕೆ ತಕ್ಕ ಉದ್ದನೆಯ ಸರಪಳಿಯನ್ನೂ ಹಾಕಿಸಿದ್ದಾನೆ. ತೂಕ ಇಳಿಸುವ ಪ್ರಯತ್ನವೂ ನಡೆದಿದೆ, ಆದರೆ ಮನೆಯಲ್ಲಿ ತಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ ಬಿಡಿಸಲು ಒಪ್ಪುತ್ತಿಲ್ಲವಂತೆ. ಮುಂದಿನ ಚಳಿಗಾಲಕ್ಕೆ ಕುದುರೆಮುಖದ ದಾರಿ ಹಿಡಿಯುವುದೆಂದು ಎಲ್ಲರೂ ನಿಶ್ಚಯಿಸಿದ್ದಾರೆ. ಹೊಸ ಹಲ್ಲುಚಕ್ರವನ್ನು ಪರೀಕ್ಷಿಸೋಣವೆಂದರೆ ವಿಜಯಪುರದ ಸುತ್ತ ಹೇಳಿಕೊಳ್ಳುವಂತಹ ಏರೇ ಇಲ್ಲ. ಗೋಳಗುಮ್ಮಟದ ಮೆಟ್ಟಿಲುಗಳ ಮೇಲೆ ಸೈಕಲ್ಲು ಹತ್ತಿಸಲು ಕಾವಲುಗಾರರು ಬಿಟ್ಟಾರೆಯೇ ಎಂದು ಕೇಳಿದ್ದಾನೆ.